ಸಂಪು ಮಾಡಿಲ್ರಿ, ಕುಂತೀವಿ ಅಷ್ಟ

ಪ್ಯಾಕಿಂಗ್ ಕೋಣೆಯ ಮೇಜುಗಳಿಗೆ ಕಬ್ಬಿಣದ ಕಾಲು ಬೆಸೆದು ಎತ್ತರಿಸಿದ ದಿನ ನಾವ್ಯಾರೂ ಬಾಯಿ ಬಿಡಲಿಲ್ಲ. ವೆಲ್ಡಿಂಗ್ ಮಾಡುವವನು ಮಧ್ಯಾಹ್ನದವರೆಗೆ ಕಿಡಿ ಹಾರಿಸಿದ. ನಾವು ಹೊರಗೆ ನಿಂತು ನೋಡಿದೆವು. ಮೇಜು ಸೊಂಟದ ಮಟ್ಟಕ್ಕೆ ಬಂದ ಮೇಲೆ ನಮ್ಮ ಸ್ಟೂಲುಗಳನ್ನು ಒಂದರೊಳಗೊಂದು ಪೇರಿಸಿ ಗೋದಾಮಿನ ಹಿಂದಿನ ಶೆಡ್ಡಿಗೆ ಹಾಕಿ ಬೀಗ ಜಡಿದರು.

"ಇನ್ನ ಮ್ಯಾಲ ನಿಂತ ಕೆಲಸ ಮಾಡೋದು. ನಿಂತ್ರ ಕೈ ಚುರುಕಾಗ್ತದ," ಎಂದರು ಹೊಸ ಮ್ಯಾನೇಜರು. ಅವರು ಬೆಳಗಾವಿಯ ಯಾವುದೋ ದೊಡ್ಡ ಮಾಲಿನಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ಯಾರೂ ಕೂರುವುದಿಲ್ಲವಂತೆ.

ನಮ್ಮದು ಬೈಲಹೊಂಗಲದ ಕಿರಾಣಿ ಬಜಾರು. ಸಾವಕಾರರ ತಂದೆಯ ಕಾಲದಲ್ಲಿ ಗಾದಿ ಹಾಕಿ ಕೂತು ವ್ಯಾಪಾರ ಮಾಡುತ್ತಿದ್ದ ಅಂಗಡಿ. ಈಗ ಗಾಜಿನ ಬಾಗಿಲು, ತಳ್ಳುಗಾಡಿ, ಮೂಲೆ ಮೂಲೆಗೆ ಕ್ಯಾಮೆರಾ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ಒಂದೊಂದು ಶಾಖೆ ಇದೆ. ನಾಲ್ಕೂ ಅಂಗಡಿಯ ಬೇಳೆ, ಸಕ್ಕರೆ, ರವೆ, ಶೇಂಗಾ, ಖಾರದ ಪುಡಿ ಪೊಟ್ಟಣವಾಗುವುದು ಬೈಲಹೊಂಗಲದಲ್ಲಿ, ನಾವು ಹೆಂಗಸರು ದುಡಿಯುವ ಹಿಂದಿನ ಕೋಣೆಯಲ್ಲಿ. ಬೆಳಿಗ್ಗೆ ಗಾಡಿ ತುಂಬಿಕೊಂಡು ಮೂರೂ ಊರಿಗೆ ಹೋಗುತ್ತದೆ. ಗಿರಾಕಿಗಳ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಹೀಗಿದ್ದೂ ನಾವು ಕೂತರೆ ಅಂಗಡಿಯ ಚಂದ ಕೆಡುತ್ತದೆ ಎಂದು ಅವರಿಗೆ ಯಾಕೆ ಅನ್ನಿಸಿತೋ ಕಾಣೆ.

ನನ್ನ ಕೆಲಸ ಸೀಲಿಂಗ್. ಜೊತೆಯವಳು ತೂಕ ಮಾಡಿ ಚೀಲ ತುಂಬಿ ಕೊಡುತ್ತಾಳೆ. ನಾನು ಬಾಯಿ ಮಡಿಸಿ ಯಂತ್ರದ ಎರಡು ಪಟ್ಟಿಗಳ ನಡುವೆ ಹಿಡಿದು ಕಾಲಿನಿಂದ ಪೆಡಲ್ ಒತ್ತುತ್ತೇನೆ. ಕಾವು ಹೆಚ್ಚಾದರೆ ಪ್ಲಾಸ್ಟಿಕ್ ಸುಟ್ಟು ತೂತಾಗುತ್ತದೆ, ಕಡಿಮೆಯಾದರೆ ಅಂಟು ಬಿಡುತ್ತದೆ. ಅರಿಷಿಣ, ಖಾರದಂಥ ಪುಡಿಯಾದರೆ ಇನ್ನೂ ತಾಪತ್ರಯ: ಬಾಯಿಯ ಅಂಚಿಗೆ ಒಂದು ಚೂರು ಪುಡಿ ಕೂತಿದ್ದರೂ ಸೀಲ್ ಹಿಡಿಯುವುದಿಲ್ಲ, ಒರೆಸಿ ಒರೆಸಿ ಒತ್ತಬೇಕು. ಕೂತು ಮಾಡುವಾಗ ಎರಡೂ ಕಾಲಿಗೆ ಕೆಲಸ ಹಂಚುತ್ತಿದ್ದೆ. ಈಗ ಒಂಟಿ ಕಾಲಿನ ಮೇಲೆ ಇಡೀ ಮೈಭಾರ ಬಿಟ್ಟು, ಇನ್ನೊಂದರಿಂದ ದಿನವಿಡೀ ಒತ್ತುವುದು. ಸಂಜೆ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ.

ನನಗೆ ಚೀಲ ತುಂಬಿ ಕೊಡುತ್ತಿದ್ದವಳು ಚಚಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಹಿರಿಯಳು. ನಾವೆಲ್ಲ ಚಚಡಿ ಅಕ್ಕ ಎನ್ನುತ್ತಿದ್ದೆವು. ಆಕೆಯ ಮೀನಖಂಡದಲ್ಲಿ ನರ ಉಬ್ಬಿ ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಬಹಳ ಹೊತ್ತು ನಿಲ್ಲಬೇಡ ಎಂದು ಡಾಕ್ಟರರು ಹೇಳಿದ್ದರು. ಒಂದು ಮಧ್ಯಾಹ್ನ ಆಕೆ ಖಾಲಿ ಎಣ್ಣೆ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕೆಲಸ ನಿಲ್ಲಿಸಿರಲಿಲ್ಲ, ಮಡಿಲಲ್ಲಿ ಚೀಲ ಇಟ್ಟುಕೊಂಡು ಸ್ಟಿಕರ್ ಹಚ್ಚುತ್ತಿದ್ದಳು. ಕ್ಯಾಮೆರಾದಲ್ಲಿ ನೋಡಿದ ಮ್ಯಾನೇಜರು ಇಳಿದು ಬಂದರು.

"ಏಳ್ರಿ."

"ಕಾಲ ಭಾಳ ಬ್ಯಾನಿ ಆಗೇತ್ರಿ ಸಾಹೇಬ್ರ. ಈ ಸ್ಟಿಕರ್ ಮುಗಿಸಿ ಏಳತೇನಿ."

"ಹಂಗಾದ್ರ ಮನ್ಯಾಗ ಕುಂತು ಬಿಡ್ರಿ. ನಾಳಿಂದ ಬರೋದು ಬ್ಯಾಡ."

ಆಕೆ ಕೈಯಲ್ಲಿದ್ದ ಸ್ಟಿಕರ್ ಹಚ್ಚಿ ಮುಗಿಸಿಯೇ ಎದ್ದಳು. ಸೆರಗಿನಿಂದ ಡಬ್ಬಿ ಒರೆಸಿ ಅದರ ಜಾಗಕ್ಕೆ ಇಟ್ಟು ಹೋದಳು. ನಮ್ಮ ಕೋಣೆಯಲ್ಲಿ ಆ ಹೊತ್ತು ಯಂತ್ರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಮ್ಯಾನೇಜರ ಮೇಲಲ್ಲ. ಆ ಸದ್ದಿನ ಮೇಲೆ. ಅಷ್ಟೆಲ್ಲ ಆದರೂ ನನ್ನ ಕಾಲು ಪೆಡಲ್ ಒತ್ತುತ್ತಲೇ ಇತ್ತು.

ಮರುದಿನ ನಾವು ನಾಲ್ಕೈದು ಮಂದಿ ಸಾವಕಾರರ ಬಳಿ ಹೋದೆವು. ಅವರು ಕೆಟ್ಟ ಮನುಷ್ಯರಲ್ಲ. ಹೆಸರು ಹಿಡಿದು ಮಾತಾಡಿಸಿದರು, ಚಹಾ ತರಿಸಿದರು. ಆಮೇಲೆ, "ಅಂಗಡಿ ಒಳಗಿಂದು ನಾ ನೋಡಂಗಿಲ್ಲ. ಮ್ಯಾನೇಜರ್ನ ಕೇಳ್ರಿ," ಎಂದರು. ಮ್ಯಾನೇಜರನ್ನು ಕೇಳಿದರೆ, "ಸಾವಕಾರ್ರ ಹುಕುಂ ಐತಿ," ಎಂದರು. ಇಬ್ಬರ ನಡುವೆ ಎರಡು ಸಲ ತಿರುಗಿದೆವು.

ಮೊದಲು ಸಂಘದ ಮಾತೆತ್ತಿದವಳು ಬಿಲ್ಲಿಂಗ್ ಕೌಂಟರಿನ ಹುಡುಗಿ. ಬಿ.ಕಾಂ. ಓದಿದವಳು, ಮಾತು ಚಾಕುವಿನಂತೆ. ಬಿಲ್ಲಿಂಗಿನವರಿಗೂ ಕೂರುವಂತಿರಲಿಲ್ಲ. "ಅಕ್ಕಾ, ಪಕ್ಕದ ರಾಜ್ಯದಾಗ ಅಂಗಡ್ಯಾಗ ಕೆಲಸ ಮಾಡೋರಿಗೆ ಕುಂದರಾಕ ಕೊಡಬೇಕಂತ ಕಾಯ್ದೇನ ಮಾಡ್ಯಾರ. ನಾವೇನು ಬೆನ್ನು ಇಲ್ಲದೋರ?" ಎಂದು ಕೇಳಿದಳು. ನಮ್ಮ ಗೋದಾಮಿಗೆ ಮೂಟೆ ಇಳಿಸುವ ಹಮಾಲರಿಗೆ ಮೊದಲಿನಿಂದಲೂ ತಮ್ಮದೇ ಸಂಘವಿತ್ತು. ಅವರ ಹಿರಿಯನನ್ನು ಕಂಡೆವು. ಭಾನುವಾರ ಹಮಾಲರ ಸಂಘದ ಖೋಲಿಯಲ್ಲಿ ಸೇರಿದೆವು.

ಆ ಸಭೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಬಿಲ್ಲಿಂಗ್ ಹುಡುಗಿಗೆ ನಾಳೆಯೇ ಸಂಪು ಬೇಕಿತ್ತು. ಭಾರತ ಹುಣ್ಣಿಮೆ ಹತ್ತಿರವಾಗಿತ್ತು. ಸವದತ್ತಿಯ ಗುಡ್ಡದ ಅವ್ವನ ಜಾತ್ರೆಗೆ ಜನ ಸಾಗರದಂತೆ ಬರುವ ಕಾಲ; ನಮ್ಮ ಸವದತ್ತಿ ಅಂಗಡಿಯಲ್ಲಿ ವರ್ಷದ ದೊಡ್ಡ ವ್ಯಾಪಾರ. "ಹುಣ್ಣಿವಿ ಮುಂದ ಪ್ಯಾಕಿಂಗ್ ನಿಲ್ಲಸಬೇಕು. ಅವಾಗ ಗೊತ್ತಾಗ್ತೈತಿ ಅವರಿಗೆ," ಎಂದಳು.

ಹಮಾಲರ ಹಿರಿಯ ತಲೆಯಾಡಿಸಿದ. "ತಂಗಿ, ಸಂಘಕ್ಕ ಏಳು ಮಂದಿ ಸಹಿ ಸಾಕು. ಸಂಪಿಗೆ ಹಂಗಲ್ಲ. ಮುಂಚೆ ನೋಟೀಸ ಕೊಡಬೇಕು, ಇಲ್ಲಂದ್ರ ಕಾಯ್ದೆಕ್ಕ ವಿರುದ್ಧ ಆಗ್ತೈತಿ. ನೋಟೀಸಿನ ಮುದ್ದತ ಮುಗಿಯೋದ್ರಾಗ ಹುಣ್ಣಿವಿ ಹೋಗಿರ್ತೈತಿ. ಸಂಪು ಹೂಡೋದು ಸಸಾರ. ಯಾವಾಗ ಮುಗಿಸಬೇಕು ಅನ್ನೋದು ಗೊತ್ತಿರಬೇಕು."

ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವರು ಕಾಕಾ. ಅವರು ಅಂಗಡಿಯ ಅತ್ಯಂತ ಹಳೆಯ ಸೇಲ್ಸ್‌ಮನ್. ಹರೆಯದಲ್ಲಿ ಬೇರೆ ಊರಿನ ನೂಲಿನ ಗಿರಣಿಯೊಂದರಲ್ಲಿ ಇದ್ದವರು. ಕರೆದಿದ್ದಕ್ಕೆ ಬಂದಿದ್ದರು, ಬಾಗಿಲ ಬಳಿಯೇ ಕೂತಿದ್ದರು.

"ನಾ ಹರತಾಳ ಕಂಡೇನಿ. ನಾವೂ ಝೇಂಡಾ ಹಿಡದಿದ್ವಿ, ನಾವೂ ಒದರಿದ್ವಿ. ಗಿರಣಿಗೆ ಕೀಲಿ ಬಿತ್ತು. ಲೀಡರು ಬ್ಯಾರೆ ಊರಿಗೆ ಹ್ವಾದ. ನನ್ನ ಜೋಡಿ ಕೆಲಸ ಮಾಡಿದಾಂವ ಬಸ್ ಸ್ಟ್ಯಾಂಡಿನ್ಯಾಗ ಶೇಂಗಾ ಮಾರಕೋತ ಸತ್ತ. ನಿಮಗ ಬ್ಯಾಡ ಅನ್ನಾಕ ಬಂದೇನಿ. ಅಂಜಿ ಅಲ್ಲ, ಉಂಡು ಹೇಳಾಕ ಹತ್ತೇನಿ."

"ಹಂಗಾದ್ರ ಚಚಡಿ ಅಕ್ಕನ ಗತಿ?" ಎಂದೆ.

"ಸಾವಕಾರ್ರ ಕಾಲಿಗೆ ಬೀಳಿಸು. ತಗೋತಾರ."

ಚಚಡಿ ಅಕ್ಕ ಅಲ್ಲೇ ಇದ್ದಳು. "ಕಾಲ ಬ್ಯಾನಿ ಅಂತನ ಕುಂತಿದ್ದೆ ಕಾಕಾ," ಎಂದಳು. "ಈಗ ಅದಕ್ಕ ಇನ್ನೊಬ್ಬರ ಕಾಲಿಗೆ ಬೀಳ್ಲೇನ?"

ಕಾಕಾ ಮಾತು ಬದಲಿಸಲಿಲ್ಲ. ಸಂಘದ ಅರ್ಜಿಗೆ ಸಹಿ ಮಾಡದೆ ಎದ್ದು ಹೋದರು. ಅವರೊಂದಿಗೆ ಇನ್ನೂ ಕೆಲವರು ಹೋದರು. ಉಳಿದವರು ಸಹಿ ಮಾಡಿದೆವು. ಸಭೆಯ ಸುದ್ದಿ ಮರುದಿನ ಬೆಳಿಗ್ಗೆಯೇ ಮ್ಯಾನೇಜರಿಗೆ ಮುಟ್ಟಿತ್ತು. ಬಿಲ್ಲಿಂಗ್ ಹುಡುಗಿಯನ್ನು ಕೌಂಟರಿನಿಂದ ಎತ್ತಿ ಫಿನಾಯಿಲು, ಸಾಬೂನಿನ ಕಪಾಟು ಒರೆಸಲು ಹಾಕಿದರು. ಕಾಕಾ ಹೇಳಿರಬೇಕು ಎಂದು ಅವಳು ಹಲ್ಲು ಕಡಿದಳು. ನಾನು ನಂಬಲಿಲ್ಲ. ಎದುರಿಗೇ ಬೇಡ ಎನ್ನುವ ಧೈರ್ಯವಿದ್ದವರು ಹಿಂದಿನಿಂದ ಹೋಗಿ ಹೇಳುವುದಿಲ್ಲ.

ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟೆವು. ಅಧಿಕಾರಿಗಳು ಸಮಾಧಾನದಿಂದ ಕೇಳಿ, ಎರಡೂ ಕಡೆಯವರನ್ನು ಕರೆಸುತ್ತೇನೆ ಎಂದರು. ಯಾವಾಗ ಎಂಬುದಕ್ಕೆ ಉತ್ತರವಿರಲಿಲ್ಲ.

ಮುಂದಿನ ರಜೆಯಲ್ಲಿ ನಾನೂ ಬಿಲ್ಲಿಂಗ್ ಹುಡುಗಿಯೂ ಉಳಿದ ಅಂಗಡಿಗಳವರ ಸಹಿ ಕೇಳಲು ಹೊರಟೆವು. ಕಿತ್ತೂರಿನ ದಾರಿಯಲ್ಲಿ ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ, ಬಸ್ಸು ಆಮೆಯಂತೆ ಸಾಗಿತು. ಕಿತ್ತೂರಿನವರು ನಾವು ಬಾಯಿ ತೆರೆಯುವ ಮೊದಲೇ ಪೆನ್ನು ಕೇಳಿದರು. ಅವರಿಗೆ ಮೂತ್ರಕ್ಕೆ ಹೋಗಲೂ ಮ್ಯಾನೇಜರ ಅಪ್ಪಣೆ ಬೇಕಾಗಿತ್ತು. ರಾಮದುರ್ಗದಲ್ಲಿ ನಮ್ಮನ್ನು ನೋಡಿ ಇಬ್ಬರು ಹೆಂಗಸರು ಅಂಗಡಿಯ ಒಳಗೆ ಸರಿದರು. ಹಣ್ಣು, ತರಕಾರಿ ತೂಗುತ್ತಿದ್ದವಳು ಮಾತ್ರ, "ನೀವು ಬಂದದ್ದ ಗೊತ್ತಾದ್ರ ನಮಗ ತ್ರಾಸ ಆಗ್ತೈತ್ರಿ. ಹೋಗ್ರಿ," ಎಂದಳು.

ಸವದತ್ತಿಯಲ್ಲಿ ಬಿಲ್ಲಿಂಗಿನ ಹಿರಿಯ ಹೆಂಗಸು ನಮ್ಮನ್ನು ಮನೆಗೆ ಕರೆದು ಚುನಮರಿ ಕೊಟ್ಟಳು, ಚಹಾ ಕೊಟ್ಟಳು, ಆಮೇಲೆ ಚೆನ್ನಾಗಿ ಜಾಡಿಸಿದಳು.

"ಹುಣ್ಣಿವ್ಯಾಗ ಸಂಪು ಅಂತೀರೇನು? ಗುಡ್ಡಕ್ಕ ಬರೋರು ಚಕ್ಕಡಿ ಹೂಡಕೊಂಡು, ನಡಕೋತ, ಎಲ್ಲೆಲ್ಲಿಂದೋ ಬರ್ತಾರ. ಅವ್ವಗ ಹೋಳಿಗಿ ಮಾಡಾಕ ಬ್ಯಾಳಿ ಕೇಳ್ತಾರ, ಬೆಲ್ಲ ಕೇಳ್ತಾರ. ಇಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ಮತ್ತ ನಮ್ಮ ಓಣಿ ಹೆಣ್ಣಮಕ್ಕಳಿಗೆ ವರ್ಷದಾಗ ಅಂಗಡಿ ಕೆಲಸ ಸಿಗೋದ ಆ ನಾಕ ದಿವಸ. ನಿಮ್ಮ ಸಂಪು ಅವರ ಹೊಟ್ಟಿ ಮ್ಯಾಲ ಬೀಳ್ತೈತಿ."

"ನಿಮ್ಮ ಕಾಲ ನೋಯಂಗಿಲ್ಲೇನ್ರಿ?" ಎಂದಳು ಬಿಲ್ಲಿಂಗ್ ಹುಡುಗಿ.

"ನೋಯತಾವ. ನಾ ಏನ್ ಕಟ್ಟಿಗಿ ಗೊಂಬಿ ಏನ? ಆದ್ರ ಸಂಪು ಬ್ಯಾಡ."

ತಿರುಗಿ ಬರುವ ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ಮುಖ ಮಾಡಿ ಕೂತಳು. ನನ್ನ ತಲೆಯಲ್ಲಿ ಸವದತ್ತಿಯವಳ ಮಾತು, ಕಾಕಾನ ಮಾತು, ಹಮಾಲರ ಹಿರಿಯನ ಮಾತು ಮೂರೂ ಹೊರಳುತ್ತಿದ್ದವು. ಮೂವರೂ ಸುಳ್ಳು ಹೇಳಿರಲಿಲ್ಲ. ನಾವು ಕೆಲಸ ಬಿಟ್ಟರೆ ಕಾಯ್ದೆ ನಮ್ಮ ವಿರುದ್ಧ, ಗುಡ್ಡದ ಮಂದಿ ನಮ್ಮ ವಿರುದ್ಧ, ಅರ್ಧಕ್ಕರ್ಧ ನಮ್ಮವರೇ ನಮ್ಮ ವಿರುದ್ಧ. ಆದರೆ ನಾವು ಕೇಳುತ್ತಿದ್ದದ್ದು ಕೆಲಸ ಬಿಡಲಿಕ್ಕಲ್ಲವಲ್ಲ. ಕೂತು ಕೆಲಸ ಮಾಡಲಿಕ್ಕೆ. ಯರಗಟ್ಟಿ ದಾಟುವಾಗ ಅದು ಹೊಳೆಯಿತು.

"ಕೆಲಸ ಬಿಡೋದು ಬ್ಯಾಡ," ಎಂದೆ. "ಕುಂತು ಮಾಡೋಣ. ಪೂರಾ ಕೆಲಸ ಮಾಡೋಣ, ಹುಣ್ಣಿವಿ ಮಾಲು ಪೂರಾ ಕಟ್ಟೋಣ. ನಿಲ್ಲಸೋದಿದ್ರ ಅವರ ನಿಲ್ಲಸ್ಲಿ."

ಹುಡುಗಿ ನನ್ನ ಕಡೆ ತಿರುಗಿದಳು. "ಅವಾಗ ನಿಲ್ಲಿಸಿದೋರು ನಾವಲ್ಲ."

"ಅವರು."

ಮರುದಿನ ಊಟದ ಹೊತ್ತಿನಲ್ಲಿ ಒಬ್ಬೊಬ್ಬರಿಗೇ ಹೇಳಿದೆ. ಸಂಪು ಎಂದರೆ ಹಿಂಜರಿದವರು ಇದಕ್ಕೆ ಹೂಂ ಎಂದರು. ಮೇಜು ಎತ್ತರ, ಸ್ಟೂಲಿಗೆ ಬೀಗ, ಏನು ಮಾಡುವುದೆಂದಾಗ ಹಮಾಲರ ಹಿರಿಯ, "ಶೆಡ್ಡಿನ ಬಾಜೂಕ ಹಲಗಿ ಬಿದ್ದಾವ. ಅವು ನಮ್ಮ ಕೈಯಾಗ ಅದಾವ," ಎಂದು ನಕ್ಕ. ಕೂರಲು ಮನೆಯಿಂದ ಮಣೆ ತರುವುದೆಂದಾಯಿತು.

ಗುರುವಾರ ಬೆಳಿಗ್ಗೆ ನಾವು ಮಣೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆವು. ದಾರಿಯಲ್ಲಿ ಯಾರೋ, "ಎಲ್ಲಿ ಊಟದ ಪಂಕ್ತಿ ಐತೆವ್ವಾ?" ಎಂದು ಕೇಳಿದರು. ಬೆಲ್ಲದ ಪೆಟ್ಟಿಗೆಗಳನ್ನು ಸಾಲಾಗಿಟ್ಟು ಅವುಗಳ ಮೇಲೆ ಹಲಗೆ ಹಾಸಿ, ಹಲಗೆಗೆ ತೊಳೆದ ಬಟ್ಟೆ ಹೊದಿಸಿ, ತೂಕದ ಯಂತ್ರಗಳನ್ನು ಇಳಿಸಿಕೊಂಡೆವು. ಸಣ್ಣ ಪೊಟ್ಟಣಗಳಿಗೆ ಕೈಯಿಂದ ಒತ್ತುವ ಸೀಲರ್ ಹಲಗೆಯ ಮೇಲೆ ಇಟ್ಟೆವು. ದೊಡ್ಡವಕ್ಕೆ ನಾನು ಪೆಡಲ್ ಯಂತ್ರದ ಮುಂದೆ ಬೋರಲು ಡಬ್ಬಿ ಹಾಕಿ ಅದರ ಮೇಲೆ ಮಣೆ ಇಟ್ಟು ಮೊದಲು ಕೂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೆಡಲ್ ಒತ್ತಿದೆ. ಸೀಲ್ ಹಿಡಿಯಿತು. ಒಬ್ಬೊಬ್ಬರಾಗಿ ಕೂತರು.

ಹಲಗೆಗಳು ಉದ್ದ ಸಾಲುತ್ತಿರಲಿಲ್ಲ. ಮೈಗೆ ಮೈ ತಾಗಿಸಿಯೇ ಕೂರಬೇಕಾಗಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ನಮ್ಮ ಓಣಿ ಯಾವುದೆಂದು ಎಲ್ಲರಿಗೂ ಗೊತ್ತು. ಊಟಕ್ಕೆ ನನ್ನಿಂದ ಒಂದು ಮಾರು ಆಚೆ ಬುತ್ತಿ ಬಿಚ್ಚುತ್ತಿದ್ದ ಇಬ್ಬರು ಅಂದು ಯಂತ್ರದ ಎಡಬಲಕ್ಕೆ ನನ್ನ ಮೊಣಕೈಗೆ ಮೊಣಕೈ ಹಚ್ಚಿ ಕೂತು ಬೇಳೆ ತುಂಬಿದರು. ಎಲ್ಲರ ಕೈಗಳೂ ಓಡುತ್ತಿದ್ದವು.

ಮ್ಯಾನೇಜರು ಬಂದು ಬಾಗಿಲಲ್ಲಿ ನಿಂತರು. "ಏನ್ ನಾಟಕ ಇದು?"

"ಕೆಲಸ ಮಾಡಾಕ ಹತ್ತೇವ್ರಿ," ಎಂದೆ. "ಸವದತ್ತಿ ಮಾಲು. ನೋಡ್ರಿ, ಬ್ಯಾಳಿ ಆತು, ಬೆಲ್ಲ ಸುರು ಮಾಡೇವಿ."

"ಎದ್ದ ನಿಂತು ಮಾಡ್ರಿ."

"ಕುಂತರ ಎಲ್ಲಿ ಕಡಿಮಿ ಬಿತ್ತು ಹೇಳ್ರಿ. ಅಲ್ಲಿ ಎದ್ದು ಮಾಡತೇವಿ."

ಅವರು ಕಟ್ಟಿಟ್ಟ ಪೊಟ್ಟಣಗಳ ಕಡೆ ನೋಡಲೂ ಇಲ್ಲ. ಹೊರಗೆ ಹೋಗಿ ನಮ್ಮ ಕೋಣೆಯ ಕರೆಂಟು ತೆಗೆದರು. ಸೀಲರ್ ತಣ್ಣಗಾಯಿತು. ನಾವು ಅಳೆದು ತುಂಬಿ ಬಾಯಿ ತೆರೆದ ಚೀಲಗಳನ್ನು ಸಾಲಾಗಿ ನಿಲ್ಲಿಸುತ್ತ ಹೋದೆವು. ಮಧ್ಯಾಹ್ನ ಬಂದು, "ಎಲ್ಲಾರೂ ಹೊರಗ ನಡೀರಿ," ಎಂದರು. ಹಲಗೆಯ ಮೇಲೆ ಇನ್ನೂ ಬೆಲ್ಲವಿತ್ತು. ಇರುವೆ ಹತ್ತದ ಹಾಗೆ ಮುಚ್ಚಿದೆವು. ಮಣೆ ಎತ್ತಿಕೊಂಡು ಹೊರಗೆ ಬಂದು, ಗಾಡಿ ತುಂಬುವ ಗೇಟಿನ ಪಕ್ಕ ಸಾಲಾಗಿ ಕೂತೆವು. ನಮ್ಮ ಹಿಂದೆ ಕೋಣೆಗೆ ಕೀಲಿ ಬಿತ್ತು. ಚಚಡಿ ಅಕ್ಕ ತನ್ನ ಊರಿಂದ ಬಂದು ನಮ್ಮ ನಡುವೆ ಕೂತಳು. ಬಿಸಿಲು ಜೋರಿತ್ತು. ಹಮಾಲರು ಖಾಲಿ ಗೋಣಿ ಚೀಲ ಹೊಲಿದು ನೆರಳು ಕಟ್ಟಿಕೊಟ್ಟರು.

ಅಂಗಡಿಯೊಳಗೆ ನಡೆದದ್ದನ್ನು, ಅಲ್ಲಿ ಕಪಾಟು ಒರೆಸುತ್ತಿದ್ದ ಬಿಲ್ಲಿಂಗ್ ಹುಡುಗಿ ತನ್ನ ಕೆಲಸ ಮುಗಿಸಿ ಬಂದು ನಮ್ಮ ಸಾಲಿನಲ್ಲಿ ಕೂತಾಗ ಹೇಳಿದಳು. ಮ್ಯಾನೇಜರು ಸೇಲ್ಸಿನ ಗಂಡಸರನ್ನೆಲ್ಲ ಕರೆದು, ಸವದತ್ತಿ ಗಾಡಿ ಹೋಗಲೇಬೇಕು, ನೀವೇ ಪ್ಯಾಕ್ ಮಾಡಿ ಎಂದರಂತೆ. ಎಲ್ಲರೂ ಕಾಕಾನ ಮುಖ ನೋಡಿದರು. ಕಾಕಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಹೇಳಿದ್ದು ಇಷ್ಟು:

"ನಾ ಹರತಾಳ ಒಪ್ಪಂಗಿಲ್ರಿ. ಅವರಿಗೂ ಹೇಳೇನಿ, ನಿಮಗೂ ಹೇಳತೇನಿ. ನನ್ನ ಕೆಲಸ ನಾ ಮಾಡತೇನಿ. ಅವರ ಕೆಲಸ ಮಾಡಂಗಿಲ್ಲ."

"ಯಾಕ?"

"ಅವರು ಬಿಟ್ಟ ಹೋಗಿಲ್ರಿ. ನೀವು ಹೊರಗ ಹಾಕೀರಿ."

ಕಾಕಾ ತಮ್ಮ ಸಾಲಿಗೆ ಹೋಗಿ ಗಿರಾಕಿಗೆ ಚಹಾಪುಡಿ ತೋರಿಸತೊಡಗಿದರು. ಅವರು ಒಲ್ಲೆನೆಂದ ಮೇಲೆ ಬೇರೆ ಯಾವ ಗಂಡಸಿನ ಕೈಯೂ ನಮ್ಮ ಯಂತ್ರ ಮುಟ್ಟಲಿಲ್ಲ.

ಇಳಿಹೊತ್ತಿಗೆ ಸಾವಕಾರರು ಬಂದರು. ಅವರ ಕಾರು ನಿಂತದ್ದೇ ತಡ, ರೂಢಿಯ ಬಲ ನೋಡಿ, ನಮ್ಮ ಮೊಣಕಾಲುಗಳು ತಾವಾಗಿಯೇ ಎದ್ದವು. ನಾನೂ ಅರ್ಧ ಎದ್ದಿದ್ದೆ. "ಕುಂದರ್ರಿ," ಎಂದಿತು ಒಂದು ಧ್ವನಿ. ಚಚಡಿ ಅಕ್ಕ ಕಾಲು ಚಾಚಿ ಕೂತಲ್ಲೇ ಇದ್ದಳು. ನಾವು ಮತ್ತೆ ಕೂತೆವು. ಸಾವಕಾರರು ತಮಗೊಂದು ಕುರ್ಚಿ ತರಿಸಿಕೊಂಡರು.

"ಇಷ್ಟಕ್ಕ ಸಂಘ ಯಾಕ ಬೇಕಿತ್ತವಾ? ನನಗ ಬಂದು ಹೇಳಿದ್ರ ಆಗತಿರಲಿಲ್ಲೇನು?"

"ಬಂದಿದ್ವ್ರಿ," ಎಂದೆ. "ಚಹಾನೂ ಕುಡಿಸಿದ್ರಿ."

ಅವರು ಮೂರು ಮಾತು ಹೇಳಿದರು. ಸ್ಟೂಲು ಕೊಡುತ್ತೇನೆ. ಚಚಡಿಯಾಕೆ ನಾಳೆಯಿಂದ ಬರಲಿ. ಆದರೆ ನೀವೆಲ್ಲ ಯಾವ ಸಂಘಕ್ಕೂ ಸೇರುವುದಿಲ್ಲವೆಂದು ಬರೆದು ಸಹಿ ಮಾಡಿ ಕೊಡಬೇಕು.

ನಮ್ಮ ಸಾಲಿನಲ್ಲಿ ಗುಸುಗುಸು ಎದ್ದಿತು. "ಕೇಳಿದ್ದ ಸಿಕ್ಕಿತಲ್ಲ, ಮಾಡೂಣು ಬಿಡ," ಎಂದರು ಕೆಲವರು. ಅವರನ್ನು ತಪ್ಪು ಎನ್ನಲಾರೆ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದವು. "ಸಹಿ ಮಾಡಿದ್ರ ನಾಳೆ ಮತ್ತ ಸ್ಟೂಲು ಕಸಗೊಂತಾರ, ಅವಾಗ ಯಾರ್ನ ಕೇಳ್ತೀರಿ?" ಎಂದಳು ಬಿಲ್ಲಿಂಗ್ ಹುಡುಗಿ. ಮಾತಿಗೆ ಮಾತು ಬೆಳೆಯಿತು. ಸಾವಕಾರರ ಎದುರಿಗೇ ನಾವು ಒಡೆಯುವುದರಲ್ಲಿದ್ದೆವು. ಆಗ ಚಚಡಿ ಅಕ್ಕ ನನ್ನ ಹೆಗಲ ಮೇಲೆ ಕೈಯೂರಿ ಎದ್ದು ನಿಂತಳು.

"ನನ್ನ ನೌಕರಿ ಸಲುವಾಗಿ ಯಾರೂ ಸಹಿ ಮಾಡಬ್ಯಾಡ್ರಿ. ನನಗ ಕೆಲಸ ಬೇಕು, ಸುಳ್ಳ ಅಲ್ಲ. ಆದ್ರ ಒಬ್ಬಾಕಿನ್ನ ಒಳಗ ತಗೊಂಡು ಎಲ್ಲಾರ ಬಾಯಿಗೆ ಕೀಲಿ ಹಾಕ್ತೀನಿ ಅಂದ್ರ ಆ ಕೆಲಸ ನಾ ಒಲ್ಲೆ."

ನಾನು ಸಾವಕಾರರಿಗೆ ಹೇಳಿದೆ: "ಸಹಿ ಇಲ್ರಿ." ಅಷ್ಟು ಸಣ್ಣ ಮಾತು ಅವರ ಮುಖ ನೋಡಿ ನಾನು ಹಿಂದೆಂದೂ ಹೇಳಿರಲಿಲ್ಲ. ಅವರು ಎದ್ದು ಹೋದರು. ಕುರ್ಚಿ ಅಲ್ಲೇ ಉಳಿಯಿತು; ಚಚಡಿ ಅಕ್ಕನನ್ನು ಅದರ ಮೇಲೆ ಕೂರಿಸಿದೆವು.

ಸಂಜೆ ಮನೆಗೆ ಹೊರಡುವ ಮೊದಲು ಫೋನು ಬಂತು. ಸವದತ್ತಿಯ ಬಿಲ್ಲಿಂಗಿನವಳು. ಬೈಲಹೊಂಗಲದ ಗಾಡಿ ಬಾರದ್ದರಿಂದ ಸಾವಕಾರರು ಅಲ್ಲಿಗೇ ಮೂಟೆ ಕಳಿಸಿ, ಅಲ್ಲಿಯವರೇ ಪ್ಯಾಕ್ ಮಾಡಲಿ ಎಂದಿದ್ದರಂತೆ.

"ಮಾಡಿದ್ರೇನ್ರಿ?"

"ಮಾಡಾಕ ಹತ್ತೇವಿ. ಗುಡ್ಡದ ಮಂದಿಗೆ ಇಲ್ಲನ್ನಂಗಿಲ್ಲ ಅಂದಿದ್ದೆ, ಅನ್ನಂಗಿಲ್ಲ. ಅಂಗಡಿ ಮುಂದಿನ ಪಾವಟಿಗಿ ಮ್ಯಾಲ ಎಲ್ಲಾರೂ ಕುಂತು ಮಾಡಾಕ ಹತ್ತೇವಿ. ಬಂದೋರೆಲ್ಲ ಕೇಳ್ತಾರ, ಯಾಕವ್ವಾ ಇಲ್ಲಿ ಕುಂತೀರಿ ಅಂತ. ಒಳಗ ಕುಂದರಾಕ ಬಿಡಂಗಿಲ್ರಿ ಅಂತ ಹೇಳ್ತೇವಿ." ಆಚೆಯಿಂದ ಹೆಂಗಸರ ನಗು ಕೇಳಿಸಿತು. "ನಾವೇನು ಸಂಪು ಮಾಡಿಲ್ಲ ಬೇ. ಕುಂತೀವಿ ಅಷ್ಟ."

ನಾನು ಆ ದಿನ ಮೊದಲ ಸಲ ಅತ್ತೆ.

ಗುಡ್ಡಕ್ಕೆ ಹೋಗುವ ಮಂದಿಯೆಲ್ಲ ಅಂಗಡಿ ಮುಂದೆ ನಿಂತು ಕೇಳುವುದನ್ನು ಸಾವಕಾರರು ಸಹಿಸಲಾರದೆ ಹೋದರು. ಮರುದಿನ ಬೆಳಿಗ್ಗೆ ನಾವು ಬರುವ ಹೊತ್ತಿಗೆ ಶೆಡ್ಡಿನ ಬೀಗ ತೆಗೆದಿತ್ತು, ಸ್ಟೂಲುಗಳು ಹೊರಗೆ ಬಂದಿದ್ದವು. ಸಹಿಯ ಮಾತು ಯಾರೂ ಎತ್ತಲಿಲ್ಲ. ವೆಲ್ಡಿಂಗಿನವನು ಮತ್ತೆ ಬಂದು ಮೇಜಿನ ಕಾಲು ಕತ್ತರಿಸಿದ. ಚಚಡಿ ಅಕ್ಕ ಚೀಲ ತುಂಬತೊಡಗಿದಳು. ಸವದತ್ತಿಗೆ ಎರಡು ಗಾಡಿ ಮಾಲು ಹೋಯಿತು.

ಕಾಕಾನ ಬಳಿ ಹೋಗಿ ಕೈ ಮುಗಿದೆ. "ನಾ ಏನ್ ನಿಮ್ಮ ಸಂಘದಾಗ ಇಲ್ಲ," ಎಂದರು. "ಈ ಸಲ ದೈವ ಚಲೋ ಇತ್ತು. ಇದನ್ನ ರೂಢಿ ಮಾಡಕೋಬ್ಯಾಡ್ರಿ." ಇವತ್ತಿಗೂ ಅವರು ಸದಸ್ಯರಲ್ಲ. ಅವರ ಮಾತು ನಾನು ಒಪ್ಪುವುದಿಲ್ಲ, ಅವರನ್ನು ಬಿಟ್ಟುಕೊಡುವುದೂ ಇಲ್ಲ.

ಗೆಲುವು ಪೂರ್ತಿಯಾಗಿರಲಿಲ್ಲ. ಸ್ಟೂಲು ಸಿಕ್ಕಿದ್ದು ಬೈಲಹೊಂಗಲ, ಕಿತ್ತೂರು, ಸವದತ್ತಿಗಳಿಗೆ ಮಾತ್ರ. ಕೇಳದ ರಾಮದುರ್ಗಕ್ಕೆ ಇಲ್ಲ. ಹುಣ್ಣಿಮೆಯ ಗದ್ದಲ ಮುಗಿದ ಕೂಡಲೇ ನನ್ನನ್ನು ಅಲ್ಲಿಗೆ ವರ್ಗ ಮಾಡಿದರು. ಎರಡು ಬಸ್ಸು ಬದಲಿಸಿ ಹೋಗುವ ದಾರಿ. ಬೇಸತ್ತು ಬಿಡಲಿ ಎಂಬುದೇ ಲೆಕ್ಕ. ಬಿಲ್ಲಿಂಗ್ ಹುಡುಗಿ ಇಲಾಖೆಗೆ ದೂರು ಕೊಡೋಣ ಎಂದು ಕುದಿದಳು. ಕೊಡು, ಎಂದೆ, ಆದರೆ ನಾನು ಹೋಗುತ್ತೇನೆ ಎಂದೂ ಹೇಳಿದೆ. ನಾಲ್ಕು ಅಂಗಡಿಗಳಲ್ಲಿ ಸಂಘದ ಒಬ್ಬ ಸದಸ್ಯರೂ ಇಲ್ಲದ ಅಂಗಡಿ ಅದೊಂದೇ. ಅಲ್ಲಿಗೆ ನನ್ನನ್ನು ಕಳಿಸುವಂತೆ ನಾವೇ ಕೇಳಿಕೊಂಡಿದ್ದರೂ ಅವರು ಕಳಿಸುತ್ತಿರಲಿಲ್ಲ.

ರಾಮದುರ್ಗದಲ್ಲಿ ಬಿಡಿ ಕಾಳು ತೂಗುವ ಕೌಂಟರಿಗೆ ನನ್ನನ್ನು ನಿಲ್ಲಿಸಿದರು. ಬಹಳ ದಿನ ಯಾರೂ ಮಾತಾಡಿಸಲಿಲ್ಲ. ನಾನೂ ಮೇಲೆ ಬೀಳಲಿಲ್ಲ. ಕಾಳು ತೂಗಿದೆ, ನಿಂತೆ. ಪಕ್ಕದ ತರಕಾರಿ ತಕ್ಕಡಿಯಲ್ಲಿ, ಅಂದು ನಮ್ಮನ್ನು ಹೋಗ್ರಿ ಎಂದಿದ್ದ ಅದೇ ಹೆಂಗಸು. ಒಂದು ಸಂತೆಯ ದಿನ ಗಿರಾಕಿಗಳ ಸಾಲು ಕರಗಿದ ಮೇಲೆ ಅವಳು ನನ್ನ ಕಡೆ ನೋಡದೆಯೇ ಕೇಳಿದಳು.

"ಅಕ್ಕಾ, ಬೈಲಹೊಂಗಲದಾಗ ಮೊದಲ ಯಾರ ಕುಂತಿದ್ರು?"

"ನಾನ."

ಅವಳು ಟೊಮೆಟೊ ಟ್ರೇ ಒಂದನ್ನು ಖಾಲಿ ಮಾಡಿದಳು. ಬೋರಲು ಹಾಕಿದಳು. ಮೇಲಿನ ಕ್ಯಾಮೆರಾವನ್ನೊಮ್ಮೆ ನೋಡಿದಳು.

"ಇಲ್ಲಿ ನಾ ಕುಂದರತೇನಿ," ಎಂದಳು.